ಅಬ್ಬಿ ಬತ್ತಿದ ಎಲ್ಲೆಯಲ್ಲಿ

ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ಕುಲಕುಲಕ್ಕೂ ಕಾಡಿನೊಳಗೆ ತನ್ನದೇ ಎಲ್ಲೆಗಳಿವೆ. ಎಲ್ಲೆ ಎಂದರೆ ಇಲ್ಲಿ ಗಡಿಗೆರೆಯಲ್ಲ. ಆ ಕುಲದವರು ಗೆಡ್ಡೆ ಅಗೆದ, ಜೇನು ಇಳಿಸಿದ, ಬೇಸಾಯ ಮಾಡಿದ, ಹರಕೆ ಹೊತ್ತ ಇಡೀ ನೆಲ. ಅದರೊಳಗೆ ಐದು ಠಾವು ಇರುತ್ತವೆ: ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ. ಕಲ್ಲುಗುಡಿ ಸತ್ತವರ ಜಾಗ. ಮನೆಯಲ್ಲಿ ಒಬ್ಬರು ತೀರಿಕೊಂಡರೆ ಅವರ ಲೆಕ್ಕಕ್ಕೆ ಅಲ್ಲೊಂದು ಕಲ್ಲು ಸೇರುತ್ತದೆ. ಅಬ್ಬಿ ನೀರಿನ ಜಾಗ. ಬಂಡೆ ಸಂದಿನಲ್ಲಿ ಜಿನುಗುವ ಒರತೆಯಿರಬಹುದು, ಧುಮುಕುವ ಹಳ್ಳವಿರಬಹುದು.

ಬರದ ವರ್ಷ ಅಬ್ಬಿ ಬತ್ತಿದರೆ ತಾಲ್ಲೂಕು ಕಚೇರಿಯ ಕಡತದಲ್ಲಿ ಅದು ಕುಡಿಯುವ ನೀರಿನ ಸಮಸ್ಯೆ. ಟ್ಯಾಂಕರ್ ಹೋಯಿತು, ಕಡತ ಮುಚ್ಚಿತು. ಎಲ್ಲೆಯ ಲೆಕ್ಕ ಬೇರೆ. ಐದು ಕಾಲಿನ ಮಣೆಯಲ್ಲಿ ಒಂದು ಕಾಲು ಮುರಿದ ಹಾಗೆ ಅದು. ಮಣೆಯ ಮೇಲೆ ಕೂತವನು ಇನ್ನೂ ಬಿದ್ದಿಲ್ಲ, ಆದರೆ ಮೊದಲಿನಂತೆ ಮೈಬಿಟ್ಟು ಕೂರಲಾರ. ಬಿಸಿಯಾಗುತ್ತಿರುವ ಭೂಮಿ ಮನುಷ್ಯನ ಮನಸ್ಸಿಗೆ ಏನು ಮಾಡುತ್ತದೆ ಎಂದು ಜಗತ್ತಿನ ವೈದ್ಯರು ಈಚೆಗೆ ಕೇಳತೊಡಗಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ ಇದರ ಬಗ್ಗೆ ದೇಶಗಳಿಗೆ ನೀತಿ ಸಲಹೆ ಹೊರಡಿಸಿದ್ದೇ 2022ರ ಜೂನ್‌ನಲ್ಲಿ. ಹೀಗೆ ಮೈಬಿಟ್ಟು ಕೂರಲಾಗದ ಸ್ಥಿತಿಯನ್ನು ಯಳಂದೂರಿನಿಂದ ಬೆಟ್ಟ ಹತ್ತುವ ರಸ್ತೆಯ ಎರಡೂ ಬದಿಯ ಜನ ಅದಕ್ಕೂ ಬಹಳ ಮೊದಲೇ ಬಲ್ಲವರು.

ಹೆಸರು ಮಾತ್ರ ಬೇರೆ. ಖಿನ್ನತೆ ಅನ್ನುವ ಮಾತು ಈ ಸೀಮೆಯಲ್ಲಿ ಆಸ್ಪತ್ರೆಯ ಗೋಡೆಯ ಪೋಸ್ಟರ್‌ನಿಂದ ಕೆಳಗಿಳಿದಿಲ್ಲ. ಇಲ್ಲಿ ನಡೆಯುವ ಮಾತು ಬ್ಯಾಸರ. ‘ಮನ್ಸಿಗೆ ಬ್ಯಾಸರ’ ಎಂದವರಿಗೆ ನೆಂಟರು ಬಂದು ಹೋದ ಮೇಲಿನ ಬೇಜಾರೂ ಆಗಿರಬಹುದು, ಆರು ತಿಂಗಳಿಂದ ಯಾರೊಡನೆಯೂ ಮಾತಾಡದೆ ಮೂಲೆ ಹಿಡಿದದ್ದೂ ಆಗಿರಬಹುದು. ಅದರ ಪಕ್ಕದಲ್ಲಿ ಕೊರಗು ಇದೆ, ದಿಗಿಲು ಇದೆ, ಮಂಕು ಇದೆ. ಕೊರಗಿಗೆ ಕಾರಣವುಂಟು, ಯಾರನ್ನೋ ಏನನ್ನೋ ಕಳೆದುಕೊಂಡವರು ಕೊರಗುತ್ತಾರೆ. ಮಂಕು ಕವಿಯುವುದಕ್ಕೆ ಕಾರಣ ಬೇಕಿಲ್ಲ. ನನಗೆ ಕೇಳಿದರೆ, ಡಾಕ್ಟರ ಪರಿಭಾಷೆಗಿಂತ ಈ ವಿಂಗಡಣೆಯೇ ಹೆಚ್ಚು ಚುರುಕು.

ಆಸ್ಟ್ರೇಲಿಯಾದ ತತ್ತ್ವಶಾಸ್ತ್ರಜ್ಞ ಗ್ಲೆನ್ ಆಲ್‌ಬ್ರೆಕ್ಟ್ 2003ರಲ್ಲಿ ‘ಸೊಲಾಸ್ಟಾಲ್ಜಿಯಾ’ ಎಂಬ ಹೊಸ ಪದ ಟಂಕಿಸಿದರು. ಹಂಟರ್ ಕಣಿವೆಯಲ್ಲಿ ಕಲ್ಲಿದ್ದಲು ಗಣಿಗಳು ಊರನ್ನು ಸುತ್ತುವರಿದಾಗ, ಬರವೂ ಸೇರಿಕೊಂಡಾಗ, ಜನ ಮನೆ ಬಿಟ್ಟು ಎಲ್ಲಿಗೂ ಹೋಗದೆಯೇ ಮನೆ ಕಳೆದುಕೊಂಡವರಂತೆ ಆಡುವುದನ್ನು ಕಂಡು ಕಟ್ಟಿದ ಪದ. ಕನ್ನಡದಲ್ಲಿ ಇದಕ್ಕೆ ಗ್ರೀಕ್ ಲ್ಯಾಟಿನ್ ಬೆರೆಸುವ ಕಷ್ಟ ಬೇಡ. ಗಂಡನ ಮನೆಯಲ್ಲಿ ಕೂತು ತವರಿಗೆ ಹಂಬಲಿಸುವುದು ನಮಗೆ ಗೊತ್ತು. ತವರಲ್ಲೇ ಕೂತು ತವರಿಗೆ ಹಂಬಲಿಸುವಂತಾದರೆ ಅದೇ ಇದು.

ಆದರೆ ಸೋಲಿಗರ ಕಥೆ ಆ ಪದದೊಳಗೆ ಪೂರ್ತಿ ಹಿಡಿಸುವುದಿಲ್ಲ. ಅವರ ಹಂಬಲ ಹವಾಮಾನದಿಂದ ಶುರುವಾದದ್ದಲ್ಲ.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು. ಕಾಡಿನೊಳಗೆ ಚೆದುರಿದ್ದ ಪೋಡುಗಳನ್ನು, ಎಂದರೆ ಸೋಲಿಗರ ಪುಟ್ಟ ಊರುಗಳನ್ನು, ಎಬ್ಬಿಸಿ ರಸ್ತೆ ಬದಿಯ ಕಾಲೊನಿಗಳಿಗೆ ತಂದರು. ಜಾಗ ಬದಲಿಸುತ್ತ ಮಾಡುತ್ತಿದ್ದ ಬೇಸಾಯ ನಿಂತಿತು, ಬೇಟೆ ನಿಂತಿತು. ಜೀವಂತ ಇದ್ದವರು ಕಾಲೊನಿಗೆ ಬಂದರು. ಕಲ್ಲುಗುಡಿಯಲ್ಲಿದ್ದವರು ಕಾಡಿನಲ್ಲೇ ಉಳಿದರು. ಇದರ ಜೊತೆಗೇ ನಿಂತ ಇನ್ನೊಂದರ ಬಗ್ಗೆ ಆಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಅದು ತರಗು ಬೆಂಕಿ.

ತರಗು ಬೆಂಕಿ ಎಂದರೆ ಕಾಡ್ಗಿಚ್ಚಲ್ಲ. ಬೇಸಿಗೆ ಏರುವ ಮೊದಲು, ಇರುಳಿನ ಇಬ್ಬನಿ ಇನ್ನೂ ನೆಲದಲ್ಲಿರುವಾಗ, ಉದುರಿದ ಎಲೆಗೆ ಇಡುತ್ತಿದ್ದ ತಣ್ಣನೆಯ ಬೆಂಕಿ. ಮೊಣಕಾಲೆತ್ತರ ಏಳುತ್ತದೆ, ತರಗು ತಿನ್ನುತ್ತ ಹೋಗುತ್ತದೆ, ತಾನೇ ಆರುತ್ತದೆ. ಹಿಂದೆಯೇ ಹುಲ್ಲು ಚಿಗುರುತ್ತದೆ. ಕಡವೆಗೆ ಕಾಟಿಗೆ ಮೇವು, ನಡೆಯುವವರಿಗೆ ಹಾದಿ. ಬೆಂಕಿ ನಿಂತ ಮೇಲೆ ಲಂಟಾನದ ಕಳೆ ಎದ್ದಿತು ಎನ್ನುವುದು ಸೋಲಿಗ ಹಿರಿಯರ ವಾದ. ಇಲ್ಲಿ ಬಹುಕಾಲದಿಂದ ಕೆಲಸ ಮಾಡುತ್ತಿರುವ ಏಟ್ರೀ ಸಂಸ್ಥೆಯ ಸಂಶೋಧಕರು ಕಾಡಿನಲ್ಲಿ ಗುರುತು ಹಾಕಿಕೊಂಡ ತುಣುಕುಗಳನ್ನು ಮತ್ತೆ ಮತ್ತೆ ಅಳೆದು ನೋಡಿದರು. 1997ರಲ್ಲಿ ನೂರಕ್ಕೆ 41 ತುಣುಕುಗಳಲ್ಲಿದ್ದ ಲಂಟಾನ 2008ರ ಹೊತ್ತಿಗೆ 81ರಲ್ಲಿತ್ತು. ಹಿರಿಯರ ಮಾತನ್ನೂ ಅವರು ದಾಖಲಿಸಿ 2012ರಲ್ಲಿ ಪ್ರಕಟಿಸಿದರು. ಅಲ್ಲಿಯವರೆಗೆ ಅದು ಕಾಡಿಗೆ ಬೆಂಕಿ ಇಡುವವರ ಮಾತು, ಅಷ್ಟೇ.

ನೆಲ್ಲಿ ಮರದ ಕೆಳಗೆ ನಿಂತು ನೋಡಿದರೆ ಇದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ನೆಲ್ಲಿಯ ಎಲೆ ಸಣ್ಣದು, ಹುಣಿಸೆಯ ಎಲೆಯ ಹಾಗೆ ಗರಿಗರಿಯಾಗಿ ಬೆಳಕು ಸೋರಿಸುವಂಥದ್ದು. ಆ ತೆಳು ನೆರಳಿನ ನಡುವೆ ಅಲ್ಲಲ್ಲಿ ದಪ್ಪ ಎಲೆಯ ಕಪ್ಪು ಹಸುರು ಮುದ್ದೆಗಳು ಕೂತಿರುತ್ತವೆ. ಬೇರೆ ಯಾವುದೋ ಮರ ಇದರ ಹೆಗಲೇರಿದಂತೆ. ಅದು ಬಂದಳಿಕೆ, ಸೋಲಿಗರು ಉಪ್ಪಿಲು ಅನ್ನುತ್ತಾರೆ. ಹಕ್ಕಿ ಹಣ್ಣು ತಿಂದು ಅಂಟು ಬೀಜವನ್ನು ಕೊಂಬೆಗೆ ಒರೆಸಿ ಹೋಗುತ್ತದೆ. ಬೀಜ ತೊಗಟೆಯೊಳಕ್ಕೆ ಬೇರಿಳಿಸಿ ನೆಲ್ಲಿಯ ನೀರು ಕುಡಿಯುತ್ತದೆ. ಉಪ್ಪಿಲು ಹತ್ತಿದ ಕೊಂಬೆಯಲ್ಲಿ ಕಾಯಿ ಕಡಿಮೆ. ಹೆಚ್ಚಾದರೆ ಮರವೇ ಒಣಗುತ್ತದೆ. ಮಳೆ ಹಿಡಿದ ವರ್ಷ ಮರ ಹೇಗೋ ತಾಳಿಕೊಂಡೀತು. ಮಳೆ ಕೈಕೊಟ್ಟ ವರ್ಷ ತನಗೇ ಸಾಲದ ನೀರನ್ನು ಅದು ಉಪ್ಪಿಲಿಗೂ ಕೊಡಬೇಕು. ತರಗು ಬೆಂಕಿಯ ಶಾಖ, ಹೊಗೆ ಉಪ್ಪಿಲನ್ನು ಹದ್ದಿನಲ್ಲಿಡುತ್ತಿತ್ತು ಎಂಬುದು ಕಾಯಿ ಕೀಳುವವರ ತಿಳಿವಳಿಕೆ.

ಹವಾಮಾನ ಬದಲಾವಣೆ ಈ ಬೆಟ್ಟಕ್ಕೆ ಬಂದದ್ದು ಹೀಗೆ, ಮೊದಲೇ ಹೆಗಲ ಮೇಲೆ ಒಬ್ಬ ಕೂತಿದ್ದವನ ಮೇಲೆ ಇನ್ನೊಬ್ಬ ಹತ್ತಿದಂತೆ.

ಹಾಗಾದರೆ ಮತ್ತೆ ತರಗು ಬೆಂಕಿ ಇಡಬಹುದಲ್ಲ ಎಂದು ಪಟ್ಟಣದ ನಮಗೆ ಅನಿಸುತ್ತದೆ. ಅದೂ ಈಗ ಸುಲಭವಿಲ್ಲ. ಹಳೆಯ ಬೆಂಕಿ ಹಳೆಯ ಕಾಡಿನದು, ಹುಲ್ಲಿನ ಮೇಲೆ ನಡೆದು ಹೋಗುತ್ತಿದ್ದದ್ದು. ಈಗ ಅದೇ ಕಿಡಿ ಒಣ ಲಂಟಾನದ ಮೆಳೆ ಹತ್ತಿದರೆ ಮರದ ನೆತ್ತಿಗೇ ಏರುತ್ತದೆ. 2019ರ ಫೆಬ್ರುವರಿಯಲ್ಲಿ ಪಕ್ಕದ ಬಂಡೀಪುರದಲ್ಲಿ ಸಾವಿರಾರು ಎಕರೆ ಉರಿದದ್ದನ್ನು ಎಲ್ಲರೂ ನೋಡಿದ್ದಾರೆ. ಮೊದಲು ಲಂಟಾನ ಕಿತ್ತು, ಹುಲ್ಲು ಬರಿಸಿ, ಆಮೇಲೆ ಹದ ನೋಡಿ ಬೆಂಕಿ. ಆ ಹದ ಬಲ್ಲವರು ಮುದುಕರಾಗುತ್ತಿದ್ದಾರೆ. ಮಕ್ಕಳಿಗೆ ಕಲಿಸಬೇಕೆಂದರೆ ಇಟ್ಟು ತೋರಿಸಬೇಕು. ಇಟ್ಟು ತೋರಿಸಿದರೆ ಕೇಸು.

ಕಾಯಿಲೆ ಇರುವುದು ಇಲ್ಲಿ ಎಂದು ನನಗನಿಸುತ್ತದೆ. ಏನು ಮಾಡಬೇಕೆಂದು ತಿಳಿಯದವನಿಗೆ ಬರುವುದು ಭಯ. ತಿಳಿದೂ ಕೈ ಕಟ್ಟಿಸಿಕೊಂಡು ಕೂತವನಿಗೆ ಬರುವುದು ಬೇರೆ ಜಾತಿಯ ಸಂಕಟ. ಅದು ಒಳಗೇ ಹುಳಿಯುತ್ತದೆ. 2006ರಲ್ಲಿ ಮಾರಾಟಕ್ಕಾಗಿ ಜೇನು, ನೆಲ್ಲಿ, ಪಾಚಿ ತರುವುದೂ ನಿಂತಾಗ ಎಷ್ಟೋ ಮನೆಗಳ ಅರ್ಧ ವರಮಾನ ಹೋಯಿತು. ಹೋದದ್ದು ದುಡ್ಡೊಂದೇ ಅಲ್ಲ, ಬೆಳಗ್ಗೆ ಎದ್ದು ಕಾಡಿಗೆ ಹೋಗುವ ಕಾರಣವೇ ಹೋಯಿತು. ಆಮೇಲೆ ಕೊಡಗಿನ ಎಸ್ಟೇಟು, ಕೇರಳದ ಶುಂಠಿ ಹೊಲ, ಸಂಜೆಯಾದರೆ ಸಾರಾಯಿ. ಸೋಲಿಗರು ಕುಡಿಯುತ್ತಾರೆ ಎಂದು ಕೆಳಗಿನವರು ಸಲೀಸಾಗಿ ಆಡುವ ಮಾತಿನ ಹಿಂದೆ ಎಷ್ಟು ಸರ್ಕಾರಿ ಆದೇಶಗಳಿವೆ ಎಂದು ಲೆಕ್ಕ ಹಾಕಿದವರು ಕಡಿಮೆ. 2011ರ ಅಕ್ಟೋಬರಿನಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು. ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾದದ್ದೂ ಅದೇ ವರ್ಷದ ಜನವರಿಯಲ್ಲಿ. ಹುಲಿಯ ಕಾಡಿನೊಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ಅದನ್ನು ಆರೋಗ್ಯ ಇಲಾಖೆಯ ಸಾಧನೆಗಳ ಪಟ್ಟಿಯಲ್ಲಿ ಯಾರೂ ಸೇರಿಸಿಲ್ಲ, ಸೇರಿಸಬಹುದಿತ್ತು.

ಇನ್ನು ಮಳೆ. ನಮ್ಮ ಕಡೆ ಮಳೆಗೆ ಹೆಸರಿದೆ, ನೆಂಟರಿಗಿದ್ದ ಹಾಗೆ. ಭರಣಿ, ಕೃತ್ತಿಕೆ, ರೋಹಿಣಿ, ಆರಿದ್ರೆ, ಹುಬ್ಬೆ, ಹಸ್ತ, ಚಿತ್ತೆ. ಯಾರು ಯಾವಾಗ ಬರುತ್ತಾರೆ, ಬಂದರೆ ಏನು ತರುತ್ತಾರೆ ಎಂಬ ಅಂದಾಜಿನ ಮೇಲೆ ರಾಗಿ ಚೆಲ್ಲುವುದು, ಹುಚ್ಚೆಳ್ಳು ಹಾಕುವುದು. ಬೆಟ್ಟಕ್ಕೆ ಮುಂಗಾರು, ಹಿಂಗಾರು ಎರಡೂ ತಾಕುವುದರಿಂದ ಒಂದು ಕೈಬಿಟ್ಟರೆ ಇನ್ನೊಂದು ಹಿಡಿದುಕೊಳ್ಳುತ್ತದೆ ಎಂಬ ಧೈರ್ಯವಿತ್ತು. 2016ರಲ್ಲಿ ಎರಡೂ ಬಿಟ್ಟವು. 2023ರ ಆಗಸ್ಟ್ 1901ರಿಂದೀಚೆಗೆ ದೇಶ ಕಂಡ ಅತ್ಯಂತ ಒಣ ಆಗಸ್ಟ್. ಆ ಸಲ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ವರ್ಷ ತುಂಬುವ ಮೊದಲೇ, 2024ರ ಜುಲೈ ಕೊನೆಯಲ್ಲಿ, ಕಾವೇರಿ ಉಕ್ಕಿ ಕೊಳ್ಳೇಗಾಲ ತಾಲ್ಲೂಕಿನ ದಾಸನಪುರ, ಮುಳ್ಳೂರು, ಹಳೇ ಹಂಪಾಪುರದ ಕಡೆ ಹೊಲಮನೆಗಳಿಗೆ ನೀರು ನುಗ್ಗಿತು. 2018ರಲ್ಲೂ 2019ರಲ್ಲೂ ಅದೇ ಊರುಗಳಿಗೆ ನುಗ್ಗಿತ್ತು. ಒಂದು ವರ್ಷದ ಬರವನ್ನೋ ಒಂದು ನೆರೆಯನ್ನೋ ನೇರವಾಗಿ ಹವಾಮಾನ ಬದಲಾವಣೆಯ ಖಾತೆಗೆ ಬರೆಯುವುದು ತಪ್ಪಾದೀತು. ಬರ ಮೊದಲೂ ಇತ್ತು, ಕಾವೇರಿ ಮೊದಲೂ ಉಕ್ಕುತ್ತಿತ್ತು. ಭೂಮಿ ಬಿಸಿಯಾದಂತೆ ಈ ಎರಡೂ ತುದಿಗಳ ತೀವ್ರತೆ ಹೆಚ್ಚುತ್ತದೆ ಎಂಬುದರಲ್ಲಿ ಮಾತ್ರ ವಿಜ್ಞಾನಿಗಳಿಗೆ ಅನುಮಾನವಿಲ್ಲ. ‘ಮಳ ಬರ್ನಿಲ್ಲ’ ಎಂಬ ಮಾತಿನಲ್ಲಿ ನೆಂಟ ತಡವಾದ ಬೇಸರವಿರುತ್ತದೆ. ಯಾವಾಗ ಬರುತ್ತಾನೆ, ಬಂದರೆ ಬಾಗಿಲು ತಟ್ಟುತ್ತಾನೋ ಮುರಿಯುತ್ತಾನೋ ತಿಳಿಯದಾದಾಗ ಹುಟ್ಟುವುದು ದಿಗಿಲು.

ಬೆಟ್ಟದ ಮೇಲೆ ಇದು ಹೂವಿನಲ್ಲಿ ಕಾಣುತ್ತದೆ. ಯಾವ ಮರ ಹೂ ಬಿಟ್ಟರೆ ಹೆಜ್ಜೇನು ಬಂತು, ಯಾವುದು ಉದುರಿದರೆ ತುಪ್ಪ ಕೂಡಿತು ಎಂಬುದು ಜೇನು ಇಳಿಸುವವರ ಪಂಚಾಂಗ. ಪೋಡಿನ ಪಕ್ಕ ಸೋಲಿಗರೇ ಬೆಳೆಯುವ ಕಾಫಿಗೆ ಬೇಸಿಗೆಯಲ್ಲಿ ಹೂಮಳೆ ಬೀಳಬೇಕು. ಬಿದ್ದರೆ ಗಿಡವೆಲ್ಲ ಒಟ್ಟಿಗೆ ಬಿಳುಪು, ತಪ್ಪಿದರೆ ಮೊಗ್ಗು ಗಿಡದಲ್ಲೇ ಸುಟ್ಟಂತಾಗುತ್ತದೆ. ಈ ಪಂಚಾಂಗ ಎರಡು ಮೂರು ಸಲ ಸುಳ್ಳಾದರೆ ಬರೀ ಕಾಫಿ, ಜೇನು ಹೋಗುವುದಿಲ್ಲ. ಅದನ್ನು ಓದಿ ಹೇಳುತ್ತಿದ್ದ ಅಜ್ಜನ ಮಾತಿಗೆ ಮನೆಯಲ್ಲಿದ್ದ ತೂಕ ಹೋಗುತ್ತದೆ. ಮೊಮ್ಮಗ ಮೊಬೈಲಿನಲ್ಲಿ ಮಳೆ ನೋಡುತ್ತಾನೆ. ಅದೂ ಸುಳ್ಳಾಗುತ್ತದೆ, ಆದರೆ ಮೊಬೈಲಿಗೆ ನಾಚಿಕೆಯಿಲ್ಲ. ಕೆನಡಾದ ಲ್ಯಾಬ್ರಡಾರ್ ಕರಾವಳಿಯ ಇನುಯಿಟ್ ಜನರ ನಡುವೆ ಆಶ್ಲಿ ಕನ್ಸೋಲೊ ಕಂಡದ್ದೂ ಇದನ್ನೇ. ಕಡಲ ಮಂಜುಗಡ್ಡೆ ತೆಳ್ಳಗಾದಾಗ ಅಲ್ಲಿನ ಹಿರಿಯರು ಬೇಟೆಯ ದಾರಿಯೊಡನೆ ತಾವು ಯಾರೆಂಬುದನ್ನೂ ಕಳೆದುಕೊಂಡರು. ಮಂಜಿನ ನಾಡಿಗೂ ನೆಲ್ಲಿಯ ನಾಡಿಗೂ ಏನೇನೂ ಸಂಬಂಧವಿಲ್ಲ, ಆದರೂ ಸಂಕಟ ಒಂದೇ ಕುಲದ್ದು.

ಕಾಡಂಚಿನ ಹೊಲಗಳಲ್ಲಿ ಲೆಕ್ಕ ಇನ್ನೂ ಸರಳ. ಅಲ್ಲಿ ಮನಸ್ಸಿಗಿಂತ ಮೊದಲು ಹೋಗುವುದು ನಿದ್ದೆ.

ಖಿನ್ನತೆ ಅಳೆಯಲು ಜಗತ್ತಿನಾದ್ಯಂತ ಬಳಸುವ ಪಿಎಚ್‌ಕ್ಯೂ–9 ಎಂಬ ಒಂಬತ್ತು ಪ್ರಶ್ನೆಗಳ ಹಾಳೆಯೊಂದಿದೆ. ಕಳೆದ ಎರಡು ವಾರಗಳಲ್ಲಿ ಹೇಗಿದ್ದಿರಿ ಎಂದು ಕೇಳಿ, ಪ್ರತಿ ಉತ್ತರಕ್ಕೆ ಸೊನ್ನೆಯಿಂದ ಮೂರರವರೆಗೆ ಅಂಕ ಹಾಕುತ್ತದೆ. ಮೂರನೆಯದು ನಿದ್ದೆಯ ಪ್ರಶ್ನೆ, ನಾಲ್ಕನೆಯದು ಸುಸ್ತಿನದು. ರಾಗಿ ತೆನೆ ಹಾಲುಗಟ್ಟುವ ಕಾಲಕ್ಕೆ ಈ ಹಾಳೆ ಹಿಡಿದು ಬೆಟ್ಟದ ತಪ್ಪಲಿನ ಹೊಲಕ್ಕೆ ಹೋಗಿ. ಮರದ ಕವಲಿನಲ್ಲೋ ನಾಲ್ಕು ಗಳುವಿನ ಮೇಲೋ ಅಟ್ಟಣೆ, ಅದಕ್ಕೊಂದು ಗೋಣಿ ಹಾಸು, ಕೈಗೆ ಟಾರ್ಚು, ಬಡಿಯಲು ಡಬ್ಬ, ಕೆಳಗೆ ಉರಿಯುವ ಕೊರಡು. ಆನೆ ಬಂದ ಸದ್ದು ಮೊದಲು ಕೇಳುವುದಿಲ್ಲ. ಬೇಲಿಯಾಚೆ ಜೀರುಂಡೆ ಸುಮ್ಮನಾಗುತ್ತವೆ. ಆ ನಿಶ್ಶಬ್ದಕ್ಕೆ ಎಚ್ಚರಾಗುವುದನ್ನು ಮೈ ಕಲಿತುಬಿಟ್ಟರೆ ಕೊಯ್ಲು ಮುಗಿದು ಮನೆಯ ಹಾಸಿಗೆಗೆ ಬಂದ ಮೇಲೂ ಅದು ಮರೆಯುವುದಿಲ್ಲ. ಕಾಡಿನೊಳಗೆ ಲಂಟಾನದಡಿ ಹುಲ್ಲಿಲ್ಲ, ಬರ ಬಂದರೆ ಕೆರೆಕಟ್ಟೆಯಲ್ಲಿ ನೀರಿಲ್ಲ. ಆನೆಯ ಕಾಲು ಹೊಲದ ಕಡೆ ತಿರುಗುತ್ತದೆ. ಅಟ್ಟಣೆಯ ಮೇಲಿನವನು ಹಾಳೆಯ ಮೂರನೇ ಪ್ರಶ್ನೆಗೂ ನಾಲ್ಕನೆಯದಕ್ಕೂ ಪೂರಾ ಅಂಕ ಪಡೆಯುತ್ತಾನೆ. ಮನೆಯಲ್ಲಿ ಬಾಗಿಲು ತೆರೆದೇ ಕೂತು ಡಬ್ಬದ ಸದ್ದಿಗೆ ಕಿವಿಗೊಡುವ ಹೆಂಡತಿಗೂ ಅಷ್ಟೇ ಅಂಕ. ತಾನು ಸೋತೆ, ಮನೆಯವರಿಗೆ ಮುಖ ತೋರಿಸಲಾಗದ ಹಾಗೆ ಮಾಡಿಕೊಂಡೆ ಎಂದು ಅನಿಸುತ್ತದೆಯೇ ಎಂಬುದು ಆರನೆಯ ಪ್ರಶ್ನೆ. ಅದರ ಅಂಕವನ್ನು ಒಂದು ರಾತ್ರಿಯಲ್ಲಿ ಆನೆಯೋ ಮಳೆಯೋ ಬಂದು ಹಾಕಿಹೋಗುತ್ತದೆ.

ಹಾಳೆ ಸುಳ್ಳು ಎನ್ನುತ್ತಿಲ್ಲ. ಅದು ಕೇಳುವುದು ಎರಡು ವಾರದ ಕಥೆ, ಇಲ್ಲಿರುವುದು ಐವತ್ತು ವರ್ಷದ್ದು, ಅಷ್ಟೇ.

ಬೆಳೆಗೂ ಬದುಕಿಗೂ ನಡುವಿನ ದಾರ ಎಷ್ಟು ಗಿಡ್ಡ ಎಂಬುದಕ್ಕೆ ಒಂದು ಲೆಕ್ಕವಿದೆ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿದ್ದ ಟಮ್ಮಾ ಕಾರ್ಲ್‌ಟನ್ ಭಾರತದ ದಶಕಗಳ ಆತ್ಮಹತ್ಯೆಯ ದಾಖಲೆಗಳನ್ನು ತಾಪಮಾನದ ಜೊತೆ ಹೊಂದಿಸಿ 2017ರಲ್ಲಿ ಪ್ರಕಟಿಸಿದರು. ಬೆಳೆ ಹೊಲದಲ್ಲಿರುವ ಕಾಲದಲ್ಲಿ, 20 ಡಿಗ್ರಿ ಮೀರಿದ ದಿನ ಇನ್ನೊಂದು ಡಿಗ್ರಿ ಏರಿದರೆ ದೇಶದಲ್ಲಿ ಸುಮಾರು 67 ಜೀವ ಹೆಚ್ಚು ಹೋಗುತ್ತವೆ. ಹೊಲ ಖಾಲಿಯಿರುವ ಬೇಸಿಗೆಯಲ್ಲಿ ಅಷ್ಟೇ ಬಿಸಿಲೇರಿದರೂ ಅಂಥ ಏರಿಕೆಯಿಲ್ಲ. ಮೂವತ್ತು ವರ್ಷಗಳಲ್ಲಿ 59,300 ಸಾವುಗಳನ್ನು ಅವರು ತಾಪಮಾನ ಏರಿಕೆಯ ಪಾಲಿಗೆ ಹಚ್ಚಿದರು. ಬಿಸಿಲು ಕೊಂದದ್ದು ತಲೆಯನ್ನು ಕಾಯಿಸಿ ಅಲ್ಲ, ಪೈರನ್ನು ಕಾಯಿಸಿ. ರೈತರ ಲೆಕ್ಕವಾದರೂ ಪಹಣಿ, ಸಾಲದ ದಾಖಲೆ ಹಿಡಿದು ಪರಿಹಾರದ ಅರ್ಜಿಯವರೆಗೆ ಬರುತ್ತದೆ. ಬೇರೆಯವರ ಹೊಲದಲ್ಲಿ ಕೂಲಿಗೆ ಹೋಗುವವಳು, ನೆಲ್ಲಿ ಕೀಳುವವನು ಆ ಅರ್ಜಿಯ ಯಾವ ಕಾಲಮ್ಮಿನಲ್ಲೂ ಇಲ್ಲ.

ಆಸ್ಪತ್ರೆ ಏನು ಮಾಡೀತು? ಈ ಪ್ರಶ್ನೆಗೆ ಯಳಂದೂರಿನಲ್ಲಿ ಒಂದು ಹಳೆಯ ಉತ್ತರವಿದೆ, ಮತ್ತು ಅದು ಹೆಮ್ಮೆಪಡುವಂಥದ್ದು. ತಲೆಗೆ ಬಿಸಿನೀರು ಹುಯ್ದುಕೊಳ್ಳುವಾಗ ಬರುವ ಫಿಟ್ಸ್ ನಮ್ಮ ಸೀಮೆಯ ವಿಶೇಷ ಕಾಯಿಲೆ ಎಂದು ನರರೋಗ ತಜ್ಞರ ಪುಸ್ತಕಗಳಲ್ಲೇ ಇದೆ. ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಇದೇ ತಾಲ್ಲೂಕಿನ ಹಳ್ಳಿಗಳಲ್ಲಿ ಮೂರ್ಛೆರೋಗದವರನ್ನು ಹುಡುಕಿ, ಅಗ್ಗದ ಹಳೆಯ ಮಾತ್ರೆಗಳನ್ನೇ ಮನೆಯ ಹತ್ತಿರ ತಪ್ಪದೆ ಸಿಗುವಂತೆ ಮಾಡಿದರು. ಎಷ್ಟೋ ಜನರ ಫಿಟ್ಸ್ ಹತೋಟಿಗೆ ಬಂತು. 2001ರಲ್ಲಿ ‘ದಿ ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅದು ‘ಯಳಂದೂರು ಅಧ್ಯಯನ’ ಎಂಬ ಹೆಸರಿನಿಂದಲೇ ಬಂತು. ಡಾ. ಎಚ್. ಸುದರ್ಶನ್ 1981ರಲ್ಲಿ ಬೆಟ್ಟದಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. ಅವರ ಕರುಣಾ ಟ್ರಸ್ಟ್ 1996ರಲ್ಲಿ ಬೆಟ್ಟದ ಬುಡದ ಗುಂಬಳ್ಳಿ ಪ್ರಾಥಮಿಕ ಆರೋಗ್ಯ ಕೇಂದ್ರದ ಉಸ್ತುವಾರಿ ವಹಿಸಿಕೊಂಡು ಮನೋರೋಗದ ಚಿಕಿತ್ಸೆಯನ್ನೂ ಜ್ವರ ಕೆಮ್ಮಿನ ಸಾಲಿನಲ್ಲೇ ಕೂರಿಸಿತು. ಹುಚ್ಚಾಸ್ಪತ್ರೆ ಎಂಬ ಬೋರ್ಡಿಲ್ಲದ ಕಡೆ ಜನ ಬರುತ್ತಾರೆ ಎಂಬ ಸರಳ ಸತ್ಯ ಅದರಲ್ಲಿತ್ತು. ಈಗ ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ. 2022ರ ಅಕ್ಟೋಬರ್ 10ರಿಂದ ಟೆಲಿ ಮನಸ್ ಇದೆ. 14416ಕ್ಕೆ ಕರೆ ಮಾಡಿದರೆ ಹಗಲು ರಾತ್ರಿ ಕನ್ನಡದಲ್ಲೇ, ದುಡ್ಡಿಲ್ಲದೆ ಮಾತಾಡುತ್ತಾರೆ. ಸಾಯುವ ಯೋಚನೆ ಸುಳಿದವರು, ಸುಳಿದಿರಬಹುದೆಂದು ಅನುಮಾನ ಬಂದ ಮನೆಯವರು, ಕಾಯದೆ ಆ ನಂಬರ್ ಒತ್ತಬೇಕು. ಪೋಡಿನಲ್ಲಿ ಸಿಗ್ನಲ್ ಹುಡುಕಿಕೊಂಡು ಬಂಡೆ ಹತ್ತಬೇಕಾದೀತು, ಹತ್ತಿಯಾದರೂ.

ಮಾತ್ರೆ ನಿದ್ದೆ ಕೊಡುತ್ತದೆ, ಮಂಕು ಹರಿಸುತ್ತದೆ. ಇದನ್ನು ಹಗುರ ಮಾಡುವವರ ಮೇಲೆ ನನಗೆ ಸಿಟ್ಟಿದೆ. ಕಾಡು ಕಳೆದುಕೊಂಡವರಿಗೆ ಕಾಡೇ ಮದ್ದು ಎಂದು ಭಾಷಣ ಮಾಡಿ, ಮಾತ್ರೆ ಬೇಕಾದವರಿಂದ ಮಾತ್ರೆ ತಪ್ಪಿಸುವವರೂ ಇದ್ದಾರೆ. ಆದರೆ ಕೊರಗು ಮಂಕಲ್ಲ ಎಂದು ಮೊದಲೇ ಹೇಳಿದೆ. ಕೊರಗಿನವನಿಗೆ ಕೈಗೆ ಕೆಲಸ ಬೇಕು, ಆ ಕೆಲಸದಲ್ಲಿ ಅವನ ಮಾತು ನಡೆಯಬೇಕು. ಲಂಟಾನ ಕೀಳುವುದು ಈಗ ಕೂಲಿಯ ಕೆಲಸವಾಗಿ ಸಿಗುತ್ತದೆ: ಎಲ್ಲಿ ಕೀಳಬೇಕು, ಯಾವಾಗ, ಕಿತ್ತ ಮೇಲೆ ಏನು ಎಂಬುದನ್ನು ಬೇರೆ ಯಾರೋ ಬರೆದುಕೊಟ್ಟಿರುತ್ತಾರೆ. ಅದೇ ಗ್ರಾಮಸಭೆ ಕೂತು, ಈ ವರ್ಷ ಈ ಎಲ್ಲೆಯ ಅಬ್ಬಿಯ ಸುತ್ತ ಕೀಳೋಣ, ಬರುವ ವರ್ಷ ಕಲ್ಲುಗುಡಿಯ ದಾರಿ ಬಿಡಿಸೋಣ ಎಂದು ತೀರ್ಮಾನಿಸುವುದಕ್ಕೂ ಇದಕ್ಕೂ ಕೂಲಿಯ ಮೊತ್ತದಲ್ಲಿ ವ್ಯತ್ಯಾಸವಿಲ್ಲದಿರಬಹುದು. ಸಂಜೆ ಮನೆಗೆ ಬಂದು ಕೂತವನ ಮುಖದಲ್ಲಿ ಇರುತ್ತದೆ.

ಬೆಟ್ಟದ ತುದಿಯ ರಂಗಪ್ಪ ಸೋಲಿಗರಿಗೆ ಭಾವ. ಅವರ ಹುಡುಗಿ ಕುಸುಮಾಲೆಯನ್ನು ಕೂಡಿಕೊಂಡು ಬೆಟ್ಟದ ಅಳಿಯನಾದವನು. ದೇವರನ್ನು ಅಪ್ಪಾ ಎನ್ನುವವರಿಗೆ ಬೇಡುವುದಷ್ಟೇ ದಾರಿ. ಭಾವ ಎನ್ನುವವರಿಗೆ ಗೇಲಿ ಮಾಡುವ, ದಬಾಯಿಸುವ ಸಲಿಗೆಯೂ ಉಂಟು. ಈ ಭಾವ ರಾತ್ರಿ ಹೊತ್ತು ಕಾಡು ಸುತ್ತುತ್ತಾನೆ, ಸುತ್ತಿ ಸುತ್ತಿ ಮೆಟ್ಟು ಸವೆಯುತ್ತದೆ ಎಂದು ನಂಬಿಕೆ. ಹಾಗಾಗಿ ಬೂದಿತಿಟ್ಟಿನವರು ಎರಡು ವರ್ಷಕ್ಕೊಮ್ಮೆ ಮೊಳದುದ್ದದ ಹೊಸ ಚರ್ಮದ ಮೆಟ್ಟು ಹೊಲಿದು ತಂದೊಪ್ಪಿಸುತ್ತಾರೆ. ಗುಡಿಯಲ್ಲಿ ಹಳೆಯ ಮೆಟ್ಟಿನಿಂದ ತಲೆಗೆ ಮುಟ್ಟಿಸಿಕೊಳ್ಳುವಾಗ ನಾನು ನೋಡಿದ್ದು ಅಟ್ಟೆಯನ್ನು. ಹಿಮ್ಮಡಿಯ ಕಡೆ ಸವೆದಿತ್ತು. ಲಂಟಾನದ ಮೆಳೆಯೊಳಗೆ ಮನುಷ್ಯ ಬಗ್ಗಿ ತೆವಳಬೇಕು. ಅಷ್ಟು ದೊಡ್ಡ ಮೆಟ್ಟಿನವನು ಎಲ್ಲಿ ಹಾದಿ ಮಾಡಿಕೊಂಡು ಯಾವ ಅಬ್ಬಿಗೆ ನೀರು ಕುಡಿಯಲು ಹೋಗುತ್ತಾನೋ. ಗುಡಿಯ ಮೆಟ್ಟಿಲಿಳಿಯುವಾಗ ಕೆಳಗೆ ಕಣಿವೆಯ ಮೇಲೆ ಮೋಡ ಕಟ್ಟಿತ್ತು. ಮುಂದಿದ್ದ ಇಬ್ಬರು ಹೆಂಗಸರು ನಿಂತು, ಕಣ್ಣಿಗೆ ಕೈ ಅಡ್ಡ ಹಿಡಿದು, ಅದು ಯಾವ ಮಳೆ ಎಂದು ಲೆಕ್ಕ ಹಾಕುತ್ತಿದ್ದರು. ಒಬ್ಬಳು ಹಸ್ತ ಎಂದಳು, ಇನ್ನೊಬ್ಬಳು ಒಪ್ಪಲಿಲ್ಲ.